ಬೆಳ್ಳಿಯ ಧಾರಣೆಯೂ ಹಾಳೂರುಗಳೂ

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದಲ್ಲಿ, ಸಿಯೆರಾ ನೆವಾಡ ಪರ್ವತಶ್ರೇಣಿಯ ಪೂರ್ವದ ಇಳಿಜಾರಿನಿಂದ ಮೊದಲುಗೊಂಡು ರಾಕಿ ಪರ್ವತಗಳವರೆಗೆ ಹಬ್ಬಿರುವ ಶುಷ್ಕ ಭೂಮಿಯಲ್ಲಿ, ಒಂದು ಕಾಲಕ್ಕೆ ಜನರಿಂದ ಕಿಕ್ಕಿರಿದು ಈಗ ನಿರ್ಜನವಾಗಿ ನಿಂತಿರುವ ಗಣಿಯೂರುಗಳು ನೂರಾರು ಇವೆ. ಹಂಪೆಯನ್ನು ಕಂಡು ಬೆಳೆದ ನಮ್ಮ ಕಣ್ಣಿಗೆ ಇವು ಮೊದಲ ನೋಟಕ್ಕೆ ಅಲ್ಪವೆಂದು ತೋರುವುದು ಸಹಜವೇ. ಅಲ್ಲಿ ಎರಡು ಶತಮಾನಗಳಿಗೂ ಮಿಕ್ಕಿ ಆಳಿದ ಅರಸೊತ್ತಿಗೆಯೊಂದರ ಶಿಲಾವೈಭವವಿದ್ದರೆ ಇಲ್ಲಿ ಇರುವುದು ಬಿಸಿಲಿಗೆ ಕಂದಿದ ಹಲಗೆಯ ಗೋಡೆಗಳು, ತುಕ್ಕು ಹಿಡಿದ ತಗಡಿನ ಮಾಡುಗಳು, ಬಾಗಿಲಿಲ್ಲದ ಅಂಗಡಿಗಳು ಇಷ್ಟೇ. ಆದರೆ ಹಂಪೆಯನ್ನು ಹಾಳುಗೆಡವಲು ಒಂದು ಮಹಾಯುದ್ಧವೇ ಬೇಕಾಯಿತು. ಈ ಊರುಗಳ ಮೇಲಾದರೋ ಯಾವ ಸೈನ್ಯವೂ ಏರಿಬರಲಿಲ್ಲ, ಮಹಾಮಾರಿ ಎರಗಲಿಲ್ಲ, ಹೊಳೆ ತನ್ನ ಪಾತ್ರವನ್ನು ಬದಲಿಸಲಿಲ್ಲ. ಎಲ್ಲಿಯೋ ದೂರದ ನಗರವೊಂದರಲ್ಲಿ ಲೋಹದ ಧಾರಣೆ ಇಳಿಯಿತೆಂಬ, ಇಲ್ಲವೆ ಅದಿರು ತೀರಿತೆಂಬ ಸುದ್ದಿಯೊಂದೇ ಇವನ್ನು ಖಾಲಿ ಮಾಡಿಸಲು ಸಾಕಾಯಿತು. ಆ ಸುದ್ದಿಗಳಲ್ಲಿ ಒಂದು ನಮ್ಮ ದೇಶದಿಂದಲೇ ಹೊರಟದ್ದು ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲವಾದ್ದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆಂದಿದ್ದೇನೆ.

ಈ ಊರುಗಳನ್ನು ನೋಡಲು ಹೊರಡುವವರಿಗೆ ಆ ನಾಡಿನಲ್ಲಿ ಆರ್‌ವಿ ಎಂದು ಕರೆಯುವ ಸಂಚಾರಿಗೃಹಕ್ಕಿಂತ ಅನುಕೂಲವಾದ ವಾಹನ ಇನ್ನೊಂದಿಲ್ಲ. ಮಲಗಲು ಮಂಚ, ಅನ್ನ ಬೇಯಿಸಲು ಗ್ಯಾಸಿನ ಒಲೆ, ಕುಡಿಯಲು ಹಾಗೂ ಸ್ನಾನಕ್ಕೆ ಟ್ಯಾಂಕಿನ ನೀರು, ದೀಪಕ್ಕೆ ಬ್ಯಾಟರಿ, ಇಷ್ಟನ್ನೂ ಹೊತ್ತು ಚಲಿಸುವ ಈ ವಾಹನದ ವಂಶಾವಳಿ 1910ರ ಸುಮಾರಿಗೆ ಪಿಯರ್ಸ್ ಆ್ಯರೋ ಕಂಪನಿ ಧನಿಕರಿಗಾಗಿ ಕಟ್ಟಿದ ಪ್ರವಾಸದ ಕಾರಿನಿಂದ ಆರಂಭವಾಗಿ, 1930ರ ದಶಕದ ಏರ್‌ಸ್ಟ್ರೀಮ್ ಎಂಬ ಅಲ್ಯುಮಿನಿಯಂ ಬಂಡಿಗಳ ಮೂಲಕ ಸಾಗಿ, 1966ರಿಂದ ಮುಂದಕ್ಕೆ ಐಯೊವಾ ಪ್ರಾಂತದ ವಿನ್ನೆಬೇಗೊ ಕಾರ್ಖಾನೆ ಸಾಲುಸಾಲಾಗಿ ತಯಾರಿಸತೊಡಗಿದ ಮೋಟಾರುಮನೆಗಳಲ್ಲಿ ಸಾಮಾನ್ಯ ಸಂಸಾರಿಗರ ಕೈಗೆಟುಕಿತು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿಯೂ ಮಕ್ಕಳ ಬೇಸಗೆಯ ರಜೆ ಬಂದಿತೆಂದರೆ ಇಂತಹ ವಾಹನವನ್ನು ಬಾಡಿಗೆಗೆ ಹಿಡಿದು, ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿಗಳ ಸಮೇತ ಹೊರಡುವವರುಂಟು. ಬಂಧುಗಳೊಡನೆ ಹಾಗೆ ಹೊರಟ ಒಂದು ಪಯಣವೇ ನನಗೂ ಈ ಹಾಳೂರುಗಳ ದರ್ಶನ ಮಾಡಿಸಿದ್ದು. ಅಲ್ಲಿ ಸರ್ಕಾರದ ಭೂಮಿ ವಿಸ್ತಾರವಾಗಿದೆ. ಅದರ ಬಹುಭಾಗದಲ್ಲಿ ಯಾರೂ ಹದಿನಾಲ್ಕು ದಿನಗಳವರೆಗೆ ಬಾಡಿಗೆಯಿಲ್ಲದೆ ಬಿಡಾರ ಹೂಡಬಹುದು. ಹತ್ತಿರ ಛತ್ರವಿಲ್ಲ, ಹೋಟೆಲಿಲ್ಲ, ಬಾವಿಯಿಲ್ಲ ಎನ್ನುವ ಸ್ಥಳಗಳಲ್ಲಿ ಎರಡು ದಿನ ನಿಂತು ನೋಡಬೇಕಾದರೆ ಎಲ್ಲವನ್ನೂ ಜೊತೆಗೇ ಒಯ್ಯಬೇಕು. ಆ ಊರುಗಳನ್ನು ಕಟ್ಟಿದವರು ಮಾಡಿದ್ದೂ ಅದನ್ನೇ: ನೀರು, ಸೌದೆ, ಹಿಟ್ಟು, ಮೊಳೆ, ಗಾಜು ಎಲ್ಲವನ್ನೂ ಹೇಸರಗತ್ತೆಗಳ ಬಂಡಿಯಲ್ಲಿ ದೂರದಿಂದ ತಂದರು. ಸ್ವಂತ ಅನ್ನವನ್ನು ತಾನು ಬೆಳೆಯಲಾರದ ನೆಲದಲ್ಲಿ, ಅದಿರಿನ ಬಲವೊಂದನ್ನೇ ನಂಬಿ ಊರು ಕಟ್ಟಿದರೆ ಅದರ ಆಯುಸ್ಸು ಎಷ್ಟೆಂಬುದನ್ನು ಅವರಲ್ಲಿ ಯಾರೂ ಅರಿಯದೆ ಇರಲಿಲ್ಲ. ಆದರೂ ಶಾಲೆಯನ್ನು ಕಟ್ಟಿದರು, ಚರ್ಚನ್ನು ಕಟ್ಟಿದರು, ಶ್ಮಶಾನಕ್ಕೆ ಬೇಲಿ ಹಾಕಿದರು.

ಇವುಗಳಲ್ಲಿ ಪ್ರಸಿದ್ಧವಾದದ್ದು ಬೋಡಿ. ಕ್ಯಾಲಿಫೋರ್ನಿಯಾದ ಪೂರ್ವದಂಚಿನಲ್ಲಿ, ಸಮುದ್ರಮಟ್ಟದಿಂದ 8,379 ಅಡಿಗಳ ಎತ್ತರದಲ್ಲಿ, ಮರವೆಂಬುದೇ ಇಲ್ಲದ ಬೋಳುಗುಡ್ಡಗಳ ನಡುವಣ ತಗ್ಗಿನಲ್ಲಿ ಅದು ನಿಂತಿದೆ. 1859ರಲ್ಲಿ ಡಬ್ಲ್ಯು. ಎಸ್. ಬೋಡಿ ಎಂಬಾತ ಅಲ್ಲಿ ಚಿನ್ನವನ್ನು ಕಂಡ. ಆ ಚಳಿಗಾಲದ ಹಿಮಬಿರುಗಾಳಿಯಲ್ಲೇ ಸಿಕ್ಕಿ ಸತ್ತ. ತನ್ನ ಹೆಸರನ್ನು ಹೊತ್ತ ಪಟ್ಟಣವನ್ನು ಆತ ನೋಡಲಿಲ್ಲ. 1876ರ ಹೊತ್ತಿಗೆ ಸ್ಟ್ಯಾಂಡರ್ಡ್ ಗಣಿಯಲ್ಲಿ ಸಮೃದ್ಧವಾದ ಅದಿರಿನ ಪಟ್ಟಿ ಗೋಚರಿಸಿದ ಮೇಲೆ ಜನ ಪ್ರವಾಹದಂತೆ ಬಂದರು. 1880ರ ಸುಮಾರಿಗೆ ಅಲ್ಲಿ ಏಳರಿಂದ ಹತ್ತು ಸಾವಿರ ಜನರಿದ್ದರೆಂದೂ ಕಟ್ಟಡಗಳು ಎರಡು ಸಾವಿರವಿದ್ದುವೆಂದೂ ಅಂದಾಜು. ಗಣಿಯಿಂದ ಮೇಲೆ ಬಂದ ಕಲ್ಲನ್ನು ಕುಟ್ಟುವ ಸ್ಟ್ಯಾಂಪ್ ಮಿಲ್ಲುಗಳಲ್ಲಿ ಕಬ್ಬಿಣದ ಭಾರಿ ಕಂಬಗಳು, ನಮ್ಮ ಮನೆಗಳ ಒನಕೆಗಳು ಒರಳಿನಲ್ಲಿ ಎದ್ದುಬೀಳುವಂತೆ, ಹಗಲಿರುಳೆನ್ನದೆ ಎದ್ದುಬೀಳುತ್ತಿದ್ದುವು. ಆ ಸದ್ದು ನಿಂತಿತೆಂದರೆ ಊರವರಿಗೆ ನಿದ್ರೆ ಬರುತ್ತಿರಲಿಲ್ಲವೆಂದು ಹೇಳಿದರೆ ನಂಬಬಹುದು, ಏಕೆಂದರೆ ಸದ್ದು ನಿಲ್ಲುವುದೆಂದರೆ ಕೂಲಿ ನಿಲ್ಲುವುದೆಂದೇ ಅರ್ಥವಾಗಿತ್ತು.

ಮರವಿಲ್ಲದ ಆ ಎತ್ತರದಲ್ಲಿ ಉಗಿಯಂತ್ರಗಳಿಗೆ ಸೌದೆಯೆಲ್ಲಿಂದ ಬರಬೇಕು? ಮೊದಲು ಸುತ್ತಲಿನ ಬೆಟ್ಟಗಳ ಪಿನ್ಯನ್ ಎಂಬ ಪೈನ್ ಮರಗಳನ್ನು ಕಡಿದರು. ಆ ಮರದ ಬೀಜ ಅಲ್ಲಿನ ಮೂಲನಿವಾಸಿಗಳಾದ ಪಯೂಟ್ ಜನರ ಚಳಿಗಾಲದ ಆಹಾರವಾಗಿತ್ತು. ಒಬ್ಬರ ಉಗ್ರಾಣ ಹೀಗೆ ಇನ್ನೊಬ್ಬರ ಒಲೆಗೆ ಸೌದೆಯಾಯಿತು. ಬೋಡಿಯ ವೈಭವವನ್ನು ವರ್ಣಿಸುವ ಗ್ರಂಥಗಳು ಈ ಅನ್ಯಾಯವನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದನ್ನು ಕಂಡರೆ ಮನಸ್ಸಿಗೆ ನೋವಾಗುತ್ತದೆ. ಅನಂತರ 1881ರಲ್ಲಿ ಮೋನೋ ಸರೋವರದ ದಕ್ಷಿಣದ ಕಾಡಿನಿಂದ ಮರ ತರುವುದಕ್ಕೆಂದೇ ಸುಮಾರು 32 ಮೈಲಿಗಳ ಕಿರುಹಳಿಯ ರೈಲು ಬಂದಿತು. ಹೊರಜಗತ್ತಿನ ಯಾವ ರೈಲುಮಾರ್ಗಕ್ಕೂ ಕೂಡದೆ, ಕಾಡಿಗೂ ಗಣಿಗೂ ಮಾತ್ರ ಓಡಾಡುತ್ತಿದ್ದ ರೈಲು ಅದು.

ಸೌದೆಯ ಈ ಬವಣೆಯಿಂದಲೇ ಬೋಡಿಯಲ್ಲಿ ಒಂದು ದೊಡ್ಡ ಸಾಹಸ ಹುಟ್ಟಿತು. 1893ರ ಹೊತ್ತಿಗೆ, 13 ಮೈಲಿ ದೂರದ ಗ್ರೀನ್ ಕ್ರೀಕ್ ಎಂಬ ತೊರೆಯ ಬಳಿ ನೀರಿನ ಬಲದಿಂದ ವಿದ್ಯುತ್ತನ್ನು ಉತ್ಪಾದಿಸಿ, ತಂತಿಯ ಮೂಲಕ ಬೆಟ್ಟ ದಾಟಿಸಿ ತಂದು, ಸ್ಟ್ಯಾಂಡರ್ಡ್ ಮಿಲ್ಲನ್ನು ಅದರಿಂದ ನಡೆಸಿದರು. ತಿರುವಿನಲ್ಲಿ ವಿದ್ಯುತ್ತು ತಂತಿಯನ್ನು ಬಿಟ್ಟು ಹಾರಿಹೋದೀತೆಂಬ ಭಯದಿಂದ ಕಂಬಗಳನ್ನು ನೇರವಾದ ಒಂದೇ ಸಾಲಿನಲ್ಲಿ ನೆಟ್ಟರೆಂಬ ಕಥೆಯನ್ನು ಅಲ್ಲಿ ಈಗಲೂ ಹೇಳುತ್ತಾರೆ. ಮೈಸೂರಿನವನಿಗೆ ಇದನ್ನು ಕೇಳಿದೊಡನೆ ಶಿವನಸಮುದ್ರದ ನೆನಪು ಬಾರದಿರದು. ಬೋಡಿಯ ಪ್ರಯೋಗ ನಡೆದು ದಶಕ ತುಂಬುವುದರೊಳಗೆ, 1902ರಲ್ಲಿ, ಕಾವೇರಿಯ ಜಲಪಾತದಿಂದ 92 ಮೈಲಿಗಳಾಚೆಯ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರವರು ಹಿಡಿದು ನಡೆಸಿದ ಆ ಯೋಜನೆಗೆ ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ಗಣಿಗಾರರಲ್ಲಿಯೂ ಸಂಬಂಧವಿತ್ತು: ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ತವರದ ಗಣಿಗಳು ಸೊರಗಿದಾಗ ಅಲ್ಲಿನ ಕುಶಲಿಗಳು ಒಂದು ದಿಕ್ಕಿನಲ್ಲಿ ಅಮೆರಿಕದ ಪಶ್ಚಿಮಕ್ಕೂ ಇನ್ನೊಂದು ದಿಕ್ಕಿನಲ್ಲಿ ಕೋಲಾರಕ್ಕೂ ಹೋದರು, ಶಾಫ್ಟಿಗೆ ಇಳಿಯುವ, ಬಂಡೆಗೆ ಮದ್ದು ತುಂಬುವ ಅದೇ ವಿದ್ಯೆ ಎರಡು ಖಂಡಗಳಲ್ಲಿಯೂ ನಡೆಯಿತು. ಕುಟ್ಟಿದ ಕಲ್ಲಿನ ಪುಡಿಯಿಂದ ಉಳಿದ ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುವ ಕ್ರಮವೂ ಎರಡು ಕಡೆ ಒಂದೇ. ಕೆ.ಜಿ.ಎಫ್.ನಲ್ಲಿ 2001ರಲ್ಲಿ ಗಣಿ ಮುಚ್ಚಿದ ಮೇಲೆಯೂ ಸೈನೈಡ್ ದಿಬ್ಬಗಳು ನಿಂತಿವೆ, ಗಾಳಿ ಬೀಸಿದಾಗ ಅವುಗಳ ಧೂಳು ಮನೆಗಳಿಗೆ ನುಗ್ಗುತ್ತದೆ. ಆದರೆ ಆ ಊರು ಹಾಳೂರಲ್ಲ, ಅಲ್ಲಿನ ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ಬೋಡಿಯವರಿಗೆ ಸಮೀಪದಲ್ಲಿ ಬೆಂಗಳೂರಿರಲಿಲ್ಲ.

1892ರ ಮತ್ತು 1932ರ ಬೆಂಕಿಗಳಲ್ಲಿ ಬೋಡಿಯ ಬಹುಭಾಗ ಸುಟ್ಟುಹೋಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚಿನ್ನದ ಗಣಿಗಳನ್ನು ಮುಚ್ಚಬೇಕೆಂಬ ಸರ್ಕಾರದ ಆಜ್ಞೆ 1942ರಲ್ಲಿ ಹೊರಟಿತು. ಅದೇ ವರ್ಷ ಅಂಚೆಕಚೇರಿಯೂ ಮುಚ್ಚಿತು. ಊರಿನ ಬಹ್ವಂಶ ಭೂಮಿಯನ್ನು ಹೊಂದಿದ್ದ ಕೇನ್ ಮನೆತನದವರು ಕಾವಲುಗಾರರನ್ನಿಟ್ಟು ಉಳಿದ ಮನೆಗಳನ್ನು ಕಾಪಾಡಿದರು. 1962ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಅದನ್ನು ಸಂರಕ್ಷಿತ ಉದ್ಯಾನವಾಗಿ ವಹಿಸಿಕೊಂಡಿತು. ಸರ್ಕಾರ ಕೈಕೊಂಡ ಸಂರಕ್ಷಣೆಯ ನೀತಿ ಬಹಳ ವಿವೇಕದ್ದೆಂದು ನನ್ನ ಅಭಿಪ್ರಾಯ. ಮನೆಯನ್ನು ಹೊಸದಾಗಿ ಕಟ್ಟುವುದಿಲ್ಲ, ಬಣ್ಣ ಬಳಿಯುವುದಿಲ್ಲ. ಮಾಡು ಸೋರದಂತೆ, ಗೋಡೆ ಬೀಳದಂತೆ ಮಾತ್ರ ಆಸರೆ ಕೊಡುತ್ತಾರೆ. ಜೀರ್ಣತೆ ಎಲ್ಲಿಗೆ ಬಂದಿತ್ತೋ ಅಲ್ಲಿಯೇ ನಿಲ್ಲುವಂತೆ ನೋಡಿಕೊಳ್ಳುತ್ತಾರೆ. ಆದಕಾರಣ ಕಿಟಕಿಯ ಗಾಜಿಗೆ ಮುಖವಿಟ್ಟು ಇಣುಕಿದರೆ ಅಂಗಡಿಯ ಹಲಗೆಗಳ ಮೇಲೆ ಡಬ್ಬಗಳು ಸಾಲಾಗಿಯೇ ಇವೆ, ಶಾಲೆಯ ಮೇಜುಗಳ ಮೇಲೆ ಪುಸ್ತಕಗಳು ಇವೆ, ಎಲ್ಲದರ ಮೇಲೆಯೂ ಧೂಳಿದೆ. ಶ್ಮಶಾನದಲ್ಲಿ ಗಾರ್ಫೀಲ್ಡ್ ಅಧ್ಯಕ್ಷರ ಹೆಸರಿನ ಸ್ಮಾರಕವೊಂದಿದೆ. ಊರಿನ ಮೂಲಪುರುಷನಾದ ಬೋಡಿಗೆಂದು ಮಾಡಿಸಿದ ಶಿಲೆ ಅದು. 1881ರಲ್ಲಿ ಅಧ್ಯಕ್ಷರ ಕೊಲೆಯಾದ ಸುದ್ದಿ ಬಂದಾಗ ಊರವರು ಭಾವಾವೇಗದಲ್ಲಿ ಅದನ್ನು ಅವರಿಗೆ ಅರ್ಪಿಸಿಬಿಟ್ಟರು. ಶ್ಮಶಾನದ ಬೇಲಿಯೊಳಗೆ ಮರ್ಯಾದಸ್ಥರೆನಿಸಿಕೊಂಡವರಿಗೆ ಮಾತ್ರ ಸ್ಥಳ. ವೇಶ್ಯೆಯರನ್ನು ಬೇಲಿಯ ಹೊರಗೆ ಹುಗಿದರು. ಸೌದೆ ಮಾರಿ, ಬಟ್ಟೆ ಒಗೆದು, ತರಕಾರಿ ಮಾರಿ ಊರನ್ನು ಸಾಕಿದ ಚೀನೀಯರ ಬೀದಿಯಲ್ಲಿ ಈಗ ನೋಡಲು ಉಳಿದಿರುವುದು ಅತ್ಯಲ್ಪ.

ಬೋಡಿಗೆ ಹೋಗುವ ದಾರಿಯ ಕೊನೆಯ ಮೂರು ಮೈಲಿ ಡಾಂಬರಿಲ್ಲದ ಒರಟು ಹಾದಿ. ಉದ್ದನೆಯ ಆರ್‌ವಿಗಳಲ್ಲಿ ಬಂದವರು ಅದನ್ನು ಬ್ರಿಜ್‌ಪೋರ್ಟ್ ಅಥವಾ ಲೀ ವೈನಿಂಗ್ ಊರುಗಳಲ್ಲಿ ನಿಲ್ಲಿಸಿ ಸಣ್ಣ ಕಾರಿನಲ್ಲಿ ಹೋಗುವುದು ಮೇಲು. ಉದ್ಯಾನದೊಳಗೆ ರಾತ್ರಿ ತಂಗಲು ಅವಕಾಶವಿಲ್ಲ. ಚಳಿಗಾಲದಲ್ಲಿ ಹಿಮ ಬಿದ್ದು ರಸ್ತೆಯೇ ಮುಚ್ಚುತ್ತದೆ.

ಬೋಡಿ ನಿಧಾನವಾಗಿ ಸತ್ತ ಊರಾದರೆ, ಅಲ್ಲಿಂದ ಆಗ್ನೇಯಕ್ಕೆ, ಡೆತ್ ವ್ಯಾಲಿಯ ಅಂಚಿನಲ್ಲಿ ನೆವಾಡ ಪ್ರಾಂತದೊಳಗಿರುವ ರಯೊಲೈಟ್ ಹುಟ್ಟಿದಷ್ಟೇ ವೇಗವಾಗಿ ಅಳಿಯಿತು. 1904ರಲ್ಲಿ ಶಾರ್ಟಿ ಹ್ಯಾರಿಸ್ ಮತ್ತು ಎಡ್ ಕ್ರಾಸ್ ಎಂಬ ಇಬ್ಬರಿಗೆ ಅಲ್ಲಿ ಚಿನ್ನ ಕಂಡಿತು. ಉಕ್ಕಿನ ಸಾಹುಕಾರ ಚಾರ್ಲ್ಸ್ ಶ್ವಾಬ್ 1906ರಲ್ಲಿ ಮುಖ್ಯ ಗಣಿಯನ್ನು ಕೊಂಡುಕೊಂಡ. ರೈಲು ಬಂದಿತು, ವಿದ್ಯುದ್ದೀಪ ಬಂದಿತು, ಮೂರಂತಸ್ತಿನ ಬ್ಯಾಂಕಿನ ಕಟ್ಟಡ ಎದ್ದಿತು. ಮರ ಸಿಕ್ಕದ ಕಾರಣ ಟಾಮ್ ಕೆಲ್ಲಿ ಎಂಬಾತ ಮದ್ಯದಂಗಡಿಗಳು ಬಿಸುಟ ಸಾವಿರಾರು ಸೀಸೆಗಳನ್ನೇ ಇಟ್ಟಿಗೆಯಾಗಿ ಮಾಡಿ ಕಟ್ಟಿದ ಮನೆ ಇನ್ನೂ ನಿಂತಿದೆ. 1907ರ ಆರ್ಥಿಕ ಆತಂಕದಲ್ಲಿ ಬಂಡವಾಳ ಬತ್ತಿತು. 1910ರ ಜನಗಣತಿಯಲ್ಲಿ 675 ಜನ, 1911ರಲ್ಲಿ ಗಣಿ ಬಂದ್, 1920ರ ಜನಗಣತಿಯಲ್ಲಿ ಹದಿನಾಲ್ಕು ಜನ. ಮನೆಗಳ ಹಲಗೆಗಳನ್ನೂ ಕಿಟಕಿಬಾಗಿಲುಗಳನ್ನೂ ಬಿಚ್ಚಿ ನೆರೆಯೂರಾದ ಬೀಟಿಗೆ ಸಾಗಿಸಿದರು. ಬೋಡಿಯ ನೆರೆಯ ಅರೋರಾ ಎಂಬ ಇಟ್ಟಿಗೆಯೂರಿನದು ಇನ್ನೂ ವಿಚಿತ್ರ: ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದರ ಇಟ್ಟಿಗೆಗಳಿಗೆ ಬೇರೆಡೆ ಬೇಡಿಕೆ ಹುಟ್ಟಿ, ಊರಿಗೆ ಊರೇ ಲಾರಿಗಳಲ್ಲಿ ಹೊರಟುಹೋಯಿತು, ಈಗ ಶ್ಮಶಾನವನ್ನು ಬಿಟ್ಟರೆ ಅಲ್ಲಿ ಹೆಚ್ಚೇನೂ ಇಲ್ಲ.

ಚಿನ್ನದ ಊರುಗಳನ್ನು ಕೊಂದದ್ದು ಬಹುಮಟ್ಟಿಗೆ ಅದಿರಿನ ಕ್ಷಯ. ಬೆಳ್ಳಿಯ ಊರುಗಳ ಕಥೆ ಬೇರೆ. ಅಲ್ಲಿ ನೆಲದೊಳಗೆ ಅದಿರಿದ್ದಂತೆಯೇ, ಕುಶಲಿಗಳಿದ್ದಂತೆಯೇ, ಯಂತ್ರಗಳು ಸುಸ್ಥಿತಿಯಲ್ಲಿದ್ದಂತೆಯೇ ಊರು ಬರಿದಾಯಿತು. ಮಾಂಟಾನಾ ಪ್ರಾಂತದಲ್ಲಿ ಫಿಲಿಪ್ಸ್‌ಬರ್ಗ್ ಊರಿನ ಮೇಲಣ ಬೆಟ್ಟದಲ್ಲಿ ಗ್ರಾನೈಟ್ ಎಂಬ ಅಂತಹ ಊರೊಂದಿದೆ. ಆರ್‌ವಿಯನ್ನು ಕೆಳಗೆ ಫಿಲಿಪ್ಸ್‌ಬರ್ಗ್‌ನಲ್ಲಿಯೇ ಬಿಡಬೇಕು. ಮೇಲಿನ ದಾರಿ ಅಷ್ಟು ಕಡಿದು. ಅಲ್ಲಿಗೆ ಹೋದರೆ ಗಣಿಕಾರ್ಮಿಕರ ಸಂಘ 1890ರಲ್ಲಿ ಕಟ್ಟಿದ ದೊಡ್ಡ ಭವನದ ಗೋಡೆಗಳೂ ಗಣಿಯ ಮೇಲಧಿಕಾರಿಯ ಕಲ್ಲಿನ ಮನೆಯೂ ಪೈನ್ ಮರಗಳ ನಡುವೆ ಕಾಣಿಸುತ್ತವೆ. ಜಗತ್ತಿನ ಶ್ರೀಮಂತ ಬೆಳ್ಳಿಗಣಿಗಳ ಸಾಲಿನಲ್ಲಿ ಎಣಿಸಲ್ಪಡುತ್ತಿದ್ದ ಗ್ರಾನೈಟ್ ಮೌಂಟನ್ ಗಣಿಯನ್ನು ಆಶ್ರಯಿಸಿ ಮೂರು ಸಾವಿರ ಜನ ಅಲ್ಲಿ ವಾಸವಾಗಿದ್ದರು. 1893ರ ಆಗಸ್ಟಿನಲ್ಲಿ ಗಣಿ ನಿಲ್ಲಿಸುವ ಆಜ್ಞೆ ಬಂದಾಗ ಮಿಲ್ಲಿನ ಯಂತ್ರಗಾರ ಸಿಳ್ಳಿನ ಹಗ್ಗವನ್ನು ಕಟ್ಟಿಹಾಕಿ, ಕೊಪ್ಪರಿಗೆಯ ಉಗಿ ತೀರುವವರೆಗೂ ಅದನ್ನು ಕೂಗಿಸಿದನೆಂದೂ, ಒಂದು ಹಗಲು ಒಂದು ರಾತ್ರಿ ಕಳೆಯುವಷ್ಟರಲ್ಲಿ ಊರಿನ ಬಹುಪಾಲು ಜನ ಬಂಡಿಗಳಲ್ಲಿ, ತಳ್ಳುಗಾಡಿಗಳಲ್ಲಿ, ಕಾಲ್ನಡಿಗೆಯಲ್ಲಿ ಬೆಟ್ಟವಿಳಿದರೆಂದೂ ಅಲ್ಲಿನ ಐತಿಹ್ಯ. ಸಿಳ್ಳಿನ ಕಥೆಗೆ ಜನರ ಬಾಯಲ್ಲಿ ಬಣ್ಣ ಏರಿರಬಹುದು. ಊರು ಬರಿದಾದದ್ದು ಮಾತ್ರ ನಿಜ.

ಏಕೆ ಹೀಗಾಯಿತೆಂಬುದಕ್ಕೆ ಉತ್ತರವನ್ನು ಹುಡುಕುತ್ತ ಹೋದರೆ ಸಿಮ್ಲಾದ ಬೆಟ್ಟಗಳಿಗೆ ಬರಬೇಕಾಗುತ್ತದೆ. ಆ ಕಾಲದಲ್ಲಿ ನಮ್ಮ ರೂಪಾಯಿ ಬೆಳ್ಳಿಯದು. ಯಾರು ಬೇಕಾದರೂ ಬೆಳ್ಳಿಯನ್ನು ಕಲ್ಕತ್ತೆಯ ಅಥವಾ ಬೊಂಬಾಯಿಯ ಟಂಕಸಾಲೆಗೆ ಕೊಂಡೊಯ್ದು, ಅಲ್ಪಶುಲ್ಕವನ್ನು ತೆತ್ತು, ರೂಪಾಯಿಗಳನ್ನು ಮಾಡಿಸಿಕೊಂಡು ಬರಬಹುದಾಗಿತ್ತು. ಜರ್ಮನಿಯೇ ಮೊದಲಾದ ಯೂರೋಪಿನ ರಾಜ್ಯಗಳು 1870ರ ದಶಕದಲ್ಲಿ ಬೆಳ್ಳಿಯ ನಾಣ್ಯಪದ್ಧತಿಯನ್ನು ಕೈಬಿಟ್ಟುದರಿಂದಲೂ, ಅಮೆರಿಕದ ಹೊಸ ಗಣಿಗಳಿಂದ ಬೆಳ್ಳಿ ಧಾರಾಳವಾಗಿ ಹರಿದುಬಂದುದರಿಂದಲೂ ಅದರ ಬೆಲೆ ವರ್ಷವರ್ಷಕ್ಕೂ ಇಳಿಯಿತು. ಹಿಂದೆ ಸುಮಾರು ಎರಡು ಷಿಲಿಂಗಿಗೆ ಸಮನಾಗಿದ್ದ ರೂಪಾಯಿ ಒಂದು ಷಿಲಿಂಗು ಮೂರು ಪೆನ್ಸಿನ ಸಮೀಪಕ್ಕೆ ಬಂದಿತು. ಲಂಡನ್ನಿಗೆ ಪ್ರತಿವರ್ಷ ಚಿನ್ನದ ಲೆಕ್ಕದಲ್ಲಿ ಹಣ ಕಳುಹಿಸಬೇಕಾಗಿದ್ದ ಭಾರತ ಸರ್ಕಾರಕ್ಕೆ ಇದರಿಂದ ತಾಳಲಾರದ ಹೊರೆಯಾಯಿತು. ಲಾರ್ಡ್ ಹರ್ಷಲ್ ಅವರ ಅಧ್ಯಕ್ಷತೆಯ ಸಮಿತಿ ಲಂಡನ್ನಿನಲ್ಲಿ ವಿಚಾರಣೆ ನಡೆಸಿತು; ಅದರ ಸಲಹೆಯ ಮೇರೆಗೆ 1893ರ ಜೂನ್ 26ರಂದು ಸಿಮ್ಲಾದಲ್ಲಿ ಶಾಸನ ಮಾಡಿ, ಸಾರ್ವಜನಿಕರ ಬೆಳ್ಳಿಗೆ ಟಂಕಸಾಲೆಗಳ ಬಾಗಿಲನ್ನು ಮುಚ್ಚಿದರು. ಜಗತ್ತಿನ ಬೆಳ್ಳಿಗೆ ಅತಿ ದೊಡ್ಡ ಗಿರಾಕಿಗಳಲ್ಲಿ ಒಂದಾಗಿದ್ದ ದೇಶ ಹೀಗೆ ಕೈಹಿಂದೆಗೆದುಕೊಂಡಿತೆಂಬ ವರ್ತಮಾನ ತಂತಿಯ ಮೂಲಕ ಅಮೆರಿಕವನ್ನು ಮುಟ್ಟಿದಾಗ, ಆ ಬೇಸಗೆಯಲ್ಲಿ ಮೊದಲೇ ಬ್ಯಾಂಕುಗಳು ಮುರಿಯುತ್ತಿದ್ದ ಆ ದೇಶದಲ್ಲಿ, ಬೆಳ್ಳಿಯ ಬೆಲೆ ಕೆಲವೇ ದಿನಗಳಲ್ಲಿ ಪ್ರಪಾತಕ್ಕೆ ಬಿದ್ದಿತು. ಕೊಲರಾಡೋದ ಗಣಿಯೊಡೆಯರು ಕೂಡಿ ಕೆಲಸ ನಿಲ್ಲಿಸಲು ನಿಶ್ಚಯಿಸಿದರು. ಮಾಂಟಾನಾದಲ್ಲಿ ಗ್ರಾನೈಟ್ ಮುಚ್ಚಿತು. ಪ್ರತಿ ತಿಂಗಳೂ 45 ಲಕ್ಷ ಔನ್ಸು ಬೆಳ್ಳಿಯನ್ನು ಕೊಳ್ಳಲು ಸರ್ಕಾರವನ್ನು ಕಟ್ಟಿಹಾಕಿದ್ದ 1890ರ ಷರ್ಮನ್ ಶಾಸನವನ್ನೂ ಅದೇ ವರ್ಷದ ನವೆಂಬರಿನಲ್ಲಿ ರದ್ದುಗೊಳಿಸಿದರು. ಹಿಂದೊಮ್ಮೆ ಔನ್ಸಿಗೆ ಒಂದು ಡಾಲರಿಗೂ ಮೇಲಿದ್ದ ಬೆಲೆ 1894ರಲ್ಲಿ ಸುಮಾರು 63 ಸೆಂಟುಗಳಿಗೆ ಇಳಿದಿತ್ತು.

ಸಿಮ್ಲಾದ ಆ ಶಾಸನದ ಪೆಟ್ಟು ಗಣಿಗಾರನಿಗೆ ಮಾತ್ರ ಬಿದ್ದುದಲ್ಲ. ನಮ್ಮ ರೈತನ ಮನೆಯಲ್ಲಿ ಉಳಿತಾಯವೆಂದರೆ ಹೆಂಗಸರ ಕಡಗ, ಕಾಲುಂಗುರ, ಗೆಜ್ಜೆ, ಮಗುವಿನ ಉಡಿದಾರ. ಟಂಕಸಾಲೆ ತೆರೆದಿದ್ದಷ್ಟು ಕಾಲ ಒಂದು ರೂಪಾಯಿ ತೂಕದ ಬೆಳ್ಳಿಯ ಒಡವೆ ಹೆಚ್ಚುಕಡಿಮೆ ಒಂದು ರೂಪಾಯಿಯೇ ಆಗಿತ್ತು. ಮುಚ್ಚಿದ ಮೇಲೆ ಕಂದಾಯ ಕಟ್ಟಬೇಕಾದ ರೂಪಾಯಿಯ ಬೆಲೆ ನಿಂತಿತು, ಒಡವೆಯ ಬೆಲೆ ಬಿದ್ದಿತು. ಬರಗಾಲದಲ್ಲಿ ಕಡಗವನ್ನು ಸಾಹುಕಾರನಲ್ಲಿಗೆ ಒಯ್ದ ಬಡವಿಗೆ ಕಡಮೆ ರೂಪಾಯಿಗಳು ದೊರೆತುವು. ಆ ಕಾಲದ ಭಾರತೀಯ ಮುಖಂಡರು ಈ ಅನ್ಯಾಯವನ್ನು ಎತ್ತಿ ಆಡಿದರು. ಅವರ ಮಾತಿಗೆ ಬೆಲೆ ಬರಲಿಲ್ಲ. ಗ್ರಾನೈಟಿನ ಕುಶಲಿಯೂ ನಮ್ಮ ಹಳ್ಳಿಯ ಆ ಹೆಂಗಸೂ ಒಬ್ಬರನ್ನೊಬ್ಬರು ಕಂಡವರಲ್ಲ, ಒಬ್ಬರ ದೇಶದ ಹೆಸರನ್ನು ಇನ್ನೊಬ್ಬರು ಕೇಳಿದ್ದರೋ ಇಲ್ಲವೋ; ಅವರಿಬ್ಬರ ಬದುಕನ್ನೂ ಒಂದೇ ಕಾಗದ ಬದಲಿಸಿತು.

ಕ್ಯಾಲಿಫೋರ್ನಿಯಾದ ಮೋಹಾವೆ ಮರುಭೂಮಿಯಲ್ಲಿ ಕ್ಯಾಲಿಕೋ ಎಂಬ ಇನ್ನೊಂದು ಬೆಳ್ಳಿಯೂರು 1881ರಲ್ಲಿ ಹುಟ್ಟಿ ಇದೇ ಧಾರಣೆಯ ಕುಸಿತಕ್ಕೆ ಸಿಕ್ಕಿ ಸೊರಗಿತು. 1951ರಲ್ಲಿ ವಾಲ್ಟರ್ ನಾಟ್ ಎಂಬ ಉದ್ಯಮಿ ಅದನ್ನು ಕೊಂಡು, ಬಹುಪಾಲು ಮನೆಗಳನ್ನು ಹೊಸದಾಗಿ ಕಟ್ಟಿಸಿದರು; ಅನಂತರ ಅದು ಸ್ಯಾನ್ ಬರ್ನಾರ್ಡಿನೋ ಜಿಲ್ಲೆಯ ವಶಕ್ಕೆ ಬಂದಿತು. ಆರ್‌ವಿಗಳಿಗೆ ನೀರು, ವಿದ್ಯುತ್ತುಗಳ ಸಂಪರ್ಕವಿರುವ ಬಿಡಾರದ ಸ್ಥಳವೂ ಅಲ್ಲಿದೆ, ಮಕ್ಕಳು ಅಲ್ಲಿ ನಲಿಯುತ್ತಾರೆ. ಬೋಡಿಯನ್ನು ಕಂಡುಬಂದವರಿಗೆ ಅಲ್ಲಿನ ಹೊಸ ಬಣ್ಣ ಹಿಡಿಸದಿರಬಹುದು, ನನಗೂ ಹಿಡಿಸಲಿಲ್ಲ.

ಆ ಗಣಿಗಳ ಬೆಳ್ಳಿ ಕೊನೆಗೆ ಏನಾಯಿತೆಂಬುದನ್ನು ಹೇಳದೆ ಈ ವೃತ್ತಾಂತ ಪೂರ್ಣವಾಗದು. 1878ರಿಂದ ಅಮೆರಿಕದ ಸರ್ಕಾರ ಗಣಿಯೊಡೆಯರ ಒತ್ತಾಯಕ್ಕೆ ಮಣಿದು ಕೊಂಡ ಬೆಳ್ಳಿಯನ್ನು ಕೋಟಿಗಟ್ಟಲೆ ಡಾಲರು ನಾಣ್ಯಗಳನ್ನಾಗಿ ಮಾಡಿ, ಯಾರೂ ಅವನ್ನು ಅಷ್ಟಾಗಿ ಬಳಸದಿದ್ದುದರಿಂದ ಖಜಾನೆಯ ನೆಲಮಾಳಿಗೆಗಳಲ್ಲಿ ತುಂಬಿಟ್ಟಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಭಾರತದಿಂದ ಯುದ್ಧಸಾಮಗ್ರಿಯ ಖರೀದಿ ಹೆಚ್ಚಿ, ಕಾಗದದ ನೋಟುಗಳಲ್ಲಿ ನಂಬಿಕೆ ತಗ್ಗಿದ ಜನ ಬೆಳ್ಳಿಯ ರೂಪಾಯಿಯನ್ನೇ ಕೇಳತೊಡಗಿ, 1918ರ ವಸಂತದಲ್ಲಿ ನಮ್ಮ ಸರ್ಕಾರದ ಬೆಳ್ಳಿಯ ದಾಸ್ತಾನು ತೀರುವ ಹಂತಕ್ಕೆ ಬಂದಿತು. ಆಗ ಅಮೆರಿಕದ ಕಾಂಗ್ರೆಸ್ಸು ನೆವಾಡ ಪ್ರಾಂತದ ಸೆನೆಟರ್ ಪಿಟ್‌ಮನ್ನರ ಹೆಸರಿನ ಶಾಸನವನ್ನು ಮಾಡಿತು. ಅದರ ಬಲದಿಂದ 27 ಕೋಟಿ ಡಾಲರು ನಾಣ್ಯಗಳನ್ನು ಕರಗಿಸಿದರು, ಅದರಲ್ಲಿ 25 ಕೋಟಿಗೂ ಮಿಕ್ಕ ನಾಣ್ಯಗಳ ಬೆಳ್ಳಿಯನ್ನು ಔನ್ಸಿಗೆ ಒಂದು ಡಾಲರಿನಂತೆ ಬ್ರಿಟನ್ನಿಗೆ ಮಾರಿದರು. ಗಟ್ಟಿಗಳಾಗಿ ಹಡಗೇರಿದ ಆ ಬೆಳ್ಳಿ ಬೊಂಬಾಯಿ, ಕಲ್ಕತ್ತೆಗಳ ಟಂಕಸಾಲೆಗಳಿಗೆ ಬಂದು ರೂಪಾಯಿಗಳಾಯಿತು. ಕರಗಿಸಿದಷ್ಟು ಬೆಳ್ಳಿಯನ್ನು ತಮ್ಮ ದೇಶದ ಗಣಿಗಳಿಂದಲೇ ಅದೇ ಡಾಲರು ಬೆಲೆಗೆ ಮತ್ತೆ ಕೊಳ್ಳಬೇಕೆಂಬ ನಿಯಮವನ್ನೂ ಪಿಟ್‌ಮನ್ನರು ಶಾಸನದಲ್ಲಿ ಸೇರಿಸಿದ್ದರು. ಅದರಿಂದ 1920ರಿಂದ ಮೂರು ವರ್ಷಗಳ ಕಾಲ ಪಶ್ಚಿಮದ ಕೆಲವು ಬೆಳ್ಳಿಗಣಿಗಳಲ್ಲಿ ಕೂಲಿಗೆ ಮತ್ತೆ ಕರೆ ಬಂದಿತು. ಅಷ್ಟರಲ್ಲಿ ಗ್ರಾನೈಟಿನ ಮನೆಗಳ ಹಲಗೆಗಳು ಸೌದೆಯಾಗಿದ್ದುವು, ಅಲ್ಲಿಯ ಜನ ಬ್ಯೂಟ್ ಪಟ್ಟಣದ ತಾಮ್ರದ ಗಣಿಗಳಿಗೋ ಇನ್ನೆಲ್ಲಿಗೋ ಚದುರಿದ್ದರು.